ಕೆರೆಮೀನಿನ ಸಾರು

೧೨ ನವೆಂಬರ್, ಬುಧವಾರ

ಇವರಿಗೆ ಸುಳ್ಳು ಹೇಳಿದ್ದು ಕೊರೆಯುತ್ತಿದೆ.

ಮೊಣಕಾಲು ಕೆಟ್ಟು ಕಡಲಿಗೆ ಹೋಗುವುದು ನಿಂತ ಮೇಲೆ ಇವರು ಇಂದೇ ಮತ್ತೆ ಬಲೆ ಬೀಸಿದ್ದು. ಕಡಲಿನ ದೊಡ್ಡ ಅಂಜಲ್ ಮೀನು ಹಿಡಿದ ಕೈ, ಬೀಸಿದ್ದು ಊರಿನ ಚರಂಡಿಯೆಲ್ಲ ಸೇರುವ ಕೆರೆಗೆ! ಮೀನು ತಂದಾಗ ಮುಖದಲ್ಲಿ ಹಳೆಯ ಗತ್ತು. ಬೈಯಲು ಬಾಯಿ ಬರಲಿಲ್ಲ, ಸಾರು ಮಾಡಿದೆ.

ಸಂಜೆ ಮೊಮ್ಮಗಳು ತೃಷಾ ಅದೇ ಕೆರೆಯ ನೀರನ್ನು ಕಾಲೇಜಿನಲ್ಲಿ ಪರೀಕ್ಷೆ ಮಾಡಿದ್ದನ್ನು ಮೊಬೈಲಿನಲ್ಲಿ ತೋರಿಸಿದಳು. ಒಂದು ಹನಿಯಲ್ಲಿ ಹುಳಗಳ ಸಂತೆ.

"ಕುದಿಸಿದರೆ ಸಾಯುದಿಲ್ವಾ?"

"ಹುಳ ಸಾಯ್ತದೆ ಅಜ್ಜಿ, ಚರಂಡಿಯ ವಿಷ ಎಲ್ಲಿಗೆ ಹೋಗ್ತದೆ?"

ಸಾರನ್ನು ಹಿತ್ತಿಲಲ್ಲಿ ಹೂತು, ಇವರಿಗೆ ಸೀದುಹೋಯಿತು ಎಂದೆ.

"ನಿನ್ನ ಕೈಯಲ್ಲಿ ಮೀನು ಸೀದದ್ದುಂಟಾ ಮಾರಾಯ್ತಿ? ಇರ್ಲಿ, ನಾಳೆಯೂ ತರ್ತೇನೆ" ಎಂದು ನಕ್ಕು, ಉಪ್ಪಿನಕಾಯಿಯಲ್ಲೇ ಗಂಜಿ ಉಂಡರು.

ಈಗ ಜಗಲಿಯಲ್ಲಿ ಕುಳಿತು ಬಲೆ ಸರಿಮಾಡುತ್ತಿದ್ದಾರೆ. ನನ್ನ ಬಾಯಿಗೆ ಊರೇ ಹೆದರುತ್ತದೆ, ಆ ಕೆರೆಯ ಮೀನು ಬೇಡ ಎಂಬ ಈ ಒಂದು ಮಾತು ಮಾತ್ರ ಹೊರಡುತ್ತಿಲ್ಲ.