ಹಡಗಿನ ಬಾಯ್ಲರಿಗೆ ಸುತ್ತೂರಿನ ವಿಭೂತಿ

ಕೊಚ್ಚಿ, 9-2-1998

ದೊಡ್ಡವ್ವನ ಪಾದಕ್ಕೆ ಅಮೃತೇಶನ ಶರಣು.

ತಾಂಡ್ಯದ ಕಾರ್ಖಾನೆಯ ಬಾಯ್ಲರು ನಮ್ಮ ಅಡುಗೆಮನೆಯಷ್ಟಿದ್ದರೆ, ಇಲ್ಲಿ ರಿಪೇರಿಗೆ ಬಂದಿರುವ ಈ ಹಡಗಿನದು ಇಡೀ ಮನೆಯಷ್ಟಿದೆ. ಅದರ ಹೊಟ್ಟೆಯಲ್ಲಿ ನೂರಾರು ಟ್ಯೂಬು. ಕೆಟ್ಟವನ್ನೆಲ್ಲ ಕಿತ್ತು ಹೊಸದು ಕೂರಿಸಿದೆವು. ಆದರೂ ನೀರು ತುಂಬಿಸಿದರೆ ಎಲ್ಲೋ ಒಂದು ಸೋರುತ್ತಿತ್ತು. ಅದು ಸಿಗುವವರೆಗೆ ಹಡಗೂ ಹೊರಡದು, ತಂಗಿ ಶಿವರಂಜನಿಯ ಮದುವೆಗೆ ನನಗೆ ರಜವೂ ಇಲ್ಲ!

ಸೋರುವ ಜಾಗ ಹುಡುಕಲು ಸೀಮೆಸುಣ್ಣದ ಪುಡಿ ಬಳಿಯುತ್ತೇವೆ. ನೀರು ಜಿನುಗಿದ ಕಡೆ ಅದು ನೆನೆದು ಕಪ್ಪಾಗುತ್ತದೆ. ಪುಡಿ ಮುಗಿದಿತ್ತು. ನೀನು ಸುತ್ತೂರಿನಿಂದ ತಂದು ನನ್ನ ಚೀಲಕ್ಕೆ ತುರುಕಿದ್ದ ವಿಭೂತಿ ಗಟ್ಟಿಯನ್ನೇ ಪುಡಿ ಮಾಡಿದೆ. ಅಭ್ಯಾಸಬಲ ನೋಡು, ಒಂದೊಂದು ಟ್ಯೂಬಿನ ಬಾಯಿಗೂ ಮೂರು ಬೆರಳಲ್ಲಿ ಅಡ್ಡಡ್ಡ ಎಳೆದುಬಿಟ್ಟೆ! ಮೂಲೆಯ ಟ್ಯೂಬಿನ ವಿಭೂತಿ ನೆನೆಯಿತು. ಕಳ್ಳ ಸಿಕ್ಕಿಬಿದ್ದ. ಕಬ್ಬಿಣದ ಬಿರಡೆ ಬಡಿದು ಬಾಯಿ ಮುಚ್ಚಿಸಿದೆವು.

ಹಡಗಿನ ಗ್ರೀಕ್ ಇಂಜಿನಿಯರ್ ಇದನ್ನು ಏನೋ ದೊಡ್ಡ ಪೂಜೆ ಎಂದುಕೊಂಡು ತನ್ನ ಹಣೆಯನ್ನೂ ಒಡ್ಡಿದ. ಹಚ್ಚಿದೆ. ಆ ಸೆಕೆಗೆ ಅವನ ಮೂರೂ ಪಟ್ಟೆ ಬೆವರಲ್ಲಿ ತೊಯ್ದು ಹೋದವು. ನನ್ನ ಜೊತೆಗಾರ, ನರಸೀಪುರದ ನಿಂಗರಾಜು, ಸುತ್ತಿಗೆ ಎತ್ತಿಕೊಂಡೇ ಬಂದ: "ಲೇ, ಸಾಯೇಬ್ರ ತಲೇನೂ ಸೋರ್ತಾ ಅದೆ ಕಣ್ಲಾ! ಇನ್ನೊಂದು ಬಿರಡೆ ತಾ!"

ಇಲ್ಲಿನ ಕೊಬ್ಬರಿ ಎಣ್ಣೆ ಅಡುಗೆಗೆ ಹೊಟ್ಟೆ ಒಗ್ಗಿದೆ, ಚಿಂತಿಸಬೇಡ. ಗುರುವಾರ ಮನೆಯಲ್ಲಿರುತ್ತೇನೆ. ಮದುವೆ ಮನೆಗೆ ಬರಿ ಹಣೆಯಲ್ಲಿ ಬಂದೆನೆಂದು ಬೈಯಬೇಡ. ನನ್ನ ಪಾಲಿನ ವಿಭೂತಿ ಹಡಗು ಹತ್ತಿ ಗ್ರೀಸಿಗೆ ಹೋಗಿದೆ.

ಅಮೃತೇಶ