ಅಮ್ಮನ ಬಲಗಡೆಯ ಕುರ್ಚಿ

ಅಮ್ಮನ ಮನೆ, ಮೂರನೇ ಮಹಡಿ
ತಾರೀಖು ಹದಿನಾಲ್ಕು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಎಷ್ಟರಮಟ್ಟಿಗಿದೆ? ದಿನಕ್ಕೆ ಎಂಟು ತಾಸು ಕಾರು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಬ್ರೇಕು ತುಳಿದರೆ ಸೊಂಟ ಉಳಿಯುವುದಾದರೂ ಹೇಗೆ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ ಇಲ್ಲವೋ ಎಂದು ಕೇಳುವುದಿಲ್ಲ, ಮಾಡುತ್ತಿಲ್ಲ ಎಂದು ಗೊತ್ತು. ಅತ್ತಿಗೆಯ ಕೆಮ್ಮು ನಿಂತಿತೇ? ನಾನು ಗಟ್ಟಿಯಾಗಿದ್ದೇನೆ, ನಿದ್ದೆಯೊಂದು ಸರಿಯಿಲ್ಲ. ಫೋನ್ ಬಿಟ್ಟು ಕಾಗದ ಯಾಕೆ ಅನ್ನುತ್ತೀಯೇನೋ. ಫೋನಿನಲ್ಲಿ ಅಮ್ಮನ ಸುದ್ದಿ ಎತ್ತಿದ ಕೂಡಲೇ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ತೊಂದರೆಯಿಲ್ಲ. ಅಮ್ಮ ಮದುವೆಯಾದವರ ಮಗಳ ಸಹೋದ್ಯೋಗಿಯೊಬ್ಬಳು ನಾಳೆ ಅಲ್ಲಿಗೇ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಹೊರಡುವ ದಿನ ನೀನು 'ಹೋಗಿ ಬಾ, ಆದರೆ ಬಂದ ಮೇಲೆ ನನಗೆ ಏನೂ ಹೇಳಬೇಡ' ಎಂದಿದ್ದೆ. ಬರುವ ಮೊದಲೇ ಹೇಳುತ್ತಿದ್ದೇನೆ, ಅಲ್ಲಿಗೆ ನಿನ್ನ ಮಾತು ಮೀರಿದ ಹಾಗಾಗಲಿಲ್ಲ.

ಬಂದು ಆರು ದಿನವಾಯಿತು, ಇನ್ನೂ ನಾಲ್ಕಿದೆ. ಆರು ದಿನವೂ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಸುತ್ತಿದ್ದೇನೆ. ಹಾಲ್‌ನಲ್ಲಿ ಕೂತರೆ ಬಾಲ್ಕನಿಗೆ ಹೋಗಬೇಕು, ಬಾಲ್ಕನಿಗೆ ಹೋದರೆ ಕೆಳಗಿಳಿಯಬೇಕು ಅನ್ನಿಸುತ್ತದೆ. ಎರಡು ಸಲ ಬ್ಯಾಗು ಕಟ್ಟಿ ಮತ್ತೆ ಬಿಚ್ಚಿದೆ. ಟಿಕೆಟ್ಟಿನ ದಿನಾಂಕ ಹಿಂದಕ್ಕೆ ತರಲಾಗುತ್ತದೆಯೇ ಎಂದು ವಿಮಾನದವರಿಗೆ ಫೋನ್ ಮಾಡಿ, ಅವರು ಎತ್ತುವುದರೊಳಗೆ ನಾನೇ ಇಟ್ಟುಬಿಟ್ಟೆ. ಈ ಕಾಗದವನ್ನೇ ನೋಡು, ಅಡುಗೆಮನೆಯ ಮೇಜಿನ ಮೇಲೆ ಶುರು ಮಾಡಿದ್ದು, ಈಗ ಮೆಟ್ಟಿಲ ಮೇಲೆ ಕೂತು ಮುಂದುವರಿಸುತ್ತಿದ್ದೇನೆ. ಕಟ್ಟಡ ತಪಾಸಣೆ ಮಾಡುವವಳ ಬುದ್ಧಿ ಎಲ್ಲಿಗೆ ಹೋಗುತ್ತದೆ? ಸ್ನಾನದ ಮನೆಯ ಚಾವಣಿಯಲ್ಲಿ ತೇವ ಇದೆ, ಮಲಗುವ ಕೋಣೆಯ ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ, ಬಾಲ್ಕನಿಯ ಮೂಲೆಯಲ್ಲಿ ಬೆರಳುದ್ದದ ಬಿರುಕು. ಮೊದಲ ದಿನವೇ ಎಲ್ಲ ಹುಡುಕಿಟ್ಟೆ. ನಿಜ ಹೇಳಬೇಕೆಂದರೆ ಇನ್ನೂ ಹೆಚ್ಚು ಸಿಗಲಿ ಎಂದು ಹುಡುಕಿದೆ.

ಅಮ್ಮ ಸ್ವಲ್ಪ ದಪ್ಪಗಾಗಿದ್ದಾಳೆ, ಕೂದಲಿಗೆ ಬಣ್ಣ ಹಾಕುವುದನ್ನು ಬಿಟ್ಟಿದ್ದಾಳೆ. ಚೆನ್ನಾಗಿ ಕಾಣುತ್ತಾಳೆ, ನನಗೆ ಅದಕ್ಕೂ ಸಿಟ್ಟು ಬಂತು. ಹಗಲಲ್ಲಿ ಮನೆಯಲ್ಲಿ ಮೂವರಿರುತ್ತಾರೆ: ಅಮ್ಮ, ಅವರು, ಅವರ ಮೊಮ್ಮಗಳು. ಅವರ ಮಗಳು ಎದುರು ಬೀದಿಯಲ್ಲಿರುವುದು, ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ, ಕೆಲಸ ಮುಗಿಯುವ ತನಕ ತನ್ನ ಆರು ವರ್ಷದ ಹುಡುಗಿಯನ್ನು ಇಲ್ಲಿ ಬಿಡುತ್ತಾಳೆ, ಊಟಕ್ಕೆ ತಾನೂ ಇಲ್ಲೇ. ಅವರನ್ನು ನೀನು ಎಕ್ಸ್‌ಚೇಂಜಿನವರು ಎಂದು ಹಲ್ಲು ಕಡಿದುಕೊಂಡು ಕರೆಯುತ್ತಿದ್ದೆಯಲ್ಲ, ಅಮ್ಮ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಹೊಸ ಟೆಲಿಫೋನ್ ಎಕ್ಸ್‌ಚೇಂಜ್ ಕೂರಿಸಲು ಬಂದು ಎಂಟು ತಿಂಗಳು ಉಳಿದರು ಎಂಬ ಕಾರಣಕ್ಕೆ. ಅವರನ್ನು ಏನೆಂದು ಕರೆಯಬೇಕೋ ತಿಳಿಯದೆ ನಾನು 'ನೋಡಿ', 'ಕೇಳಿ' ಎಂದೇ ಇಷ್ಟು ದಿನ ತಳ್ಳಿದೆ. ಒಮ್ಮೆ ಗಾಬರಿಯಲ್ಲಿ ಸಾರ್ ಎಂದುಬಿಟ್ಟೆ. ಪಾಪ, ಅವರೂ ಏನಮ್ಮಾ ಮೇಡಂ ಎಂದರು. ನಗು ಬಂತು, ನಗಬಾರದು ಎಂದು ಹಟ ಮಾಡಿ ನುಂಗಿಕೊಂಡೆ.

ಈಗ ಕುರ್ಚಿಯ ವಿಷಯಕ್ಕೆ ಬರುತ್ತೇನೆ. ಊಟದ ಮೇಜಿನಲ್ಲಿ ಅಮ್ಮ ಗೋಡೆಯ ಪಕ್ಕದ ತುದಿಯಲ್ಲಿ ಕೂರುತ್ತಾಳೆ, ಎಡಗಡೆ ಗೋಡೆ, ಉಳಿದವರೆಲ್ಲ ಬಲಗಡೆ. ಮೊದಲ ದಿನ ನಾನು ಒಂದು ಸ್ಟೂಲು ತಂದು ಅಮ್ಮನಿಗೂ ಗೋಡೆಗೂ ನಡುವೆ ತುರುಕಿಕೊಂಡು ಕೂತೆ. ಮೂರು ವರ್ಷದ ಮೇಲೆ ಅಮ್ಮನ ಮೈ ತಗುಲಿಸಿಕೊಂಡು ಉಣ್ಣಬೇಕು ಎಂಬ ಆಸೆ, ಅಷ್ಟೆ. ಎಲ್ಲರ ಕೈಯೂ ನಿಂತಿತು. ಅವರ ಮಗಳು ಎದ್ದು ಅಮ್ಮನ ಬಲಗಡೆಯ ತನ್ನ ಕುರ್ಚಿ ತೋರಿಸಿ, ಇಲ್ಲಿ ಬನ್ನಿ ಎಂದಳು. ನನ್ನ ತಾಯಿಯ ಪಕ್ಕ ಎಲ್ಲಿ ಕೂರಬೇಕೆಂದು ಇವಳು ಹೇಳಬೇಕೇ? ಇಲ್ಲೇ ಸರಿಯಾಗಿದೆ ಎಂದೆ. ನಾಲ್ಕು ದಿನ ಮೂರು ಹೊತ್ತೂ ಆ ಸಂದಿಯಲ್ಲೇ ಮೊಣಕೈ ಗೋಡೆಗೆ ಉಜ್ಜಿಕೊಂಡು ಕೂತೆ. ಅಮ್ಮ ಅವರೆಲ್ಲರ ಜೊತೆ ಹರಟುತ್ತಾಳೆ, ನಾನು ಕೇಳಿದ್ದಕ್ಕೆ ಒಮ್ಮೆ ಉತ್ತರ ಕೊಟ್ಟರೆ ಎರಡು ಸಲ ಇಲ್ಲ. ತೀರಿಹೋದ ಅಪ್ಪನ ವಿಷಯ ಎತ್ತಿದೆ, ಸುಮ್ಮನೆ ಪಲ್ಯ ಬಡಿಸಿಕೊಂಡಳು. ಅಣ್ಣ ಹೇಳಿದ್ದೇ ಸರಿ, ಇವಳು ನಮ್ಮನ್ನು ಕೈಬಿಟ್ಟಳು ಎಂದು ಅಂದೇ ಬ್ಯಾಗು ಕಟ್ಟಿದ್ದು.

ಐದನೇ ದಿನ ಆ ಹುಡುಗಿ ನನ್ನ ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. 'ಆ ಕಡೆ ಕೂತ್ರೆ ಅಜ್ಜಿಗೆ ಕೇಳ್ಸಲ್ಲ. ನಿಮ್ಗೆ ಇಷ್ಟೂ ಗೊತ್ತಿಲ್ವಾ?' ಎಂದಳು.

ಗೊತ್ತಿರಲಿಲ್ಲ, ಅಣ್ಣಾ. ನಿನಗೆ ಗೊತ್ತಿತ್ತೇ? ಅಮ್ಮನ ಎಡಗಿವಿ ಎಳ್ಳಷ್ಟೂ ಕೇಳುವುದಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವಳಿಗೆ ಹದಿನೈದು ದಿನ ಜ್ವರ ಬಂದಿತ್ತಲ್ಲ, ಆಗಲೇ ಹೋಯಿತಂತೆ. ಆಸ್ಪತ್ರೆಯ ಟೆಲಿಫೋನ್ ಆಪರೇಟರಿಗೆ ಕಿವಿಯೇ ಕೆಲಸ, ಒಂದು ಕಿವಿಯಿಲ್ಲ ಎಂದು ತಿಳಿದರೆ ಮನೆಗೆ ಕಳಿಸುತ್ತಾರೆಂದು ಅಪ್ಪನಿಗೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಯಾರಿಗೂ ಸುಳಿವು ಕೊಡಲಿಲ್ಲ. ನೆನಪಿಸಿಕೋ, ಮನೆಯಲ್ಲಿ ಅವಳ ಮಂಚದ ಎಡಮಗ್ಗುಲು ಗೋಡೆಗೇ ಇತ್ತು. ಬೀದಿಯಲ್ಲಿ ನಡೆಯುವಾಗ ನಮ್ಮನ್ನು ತೋಳು ಹಿಡಿದು ತನ್ನ ಬಲಕ್ಕೆ ಎಳೆದುಕೊಳ್ಳುತ್ತಿದ್ದಳು, ನಾವು ಗಾಡಿಗಳ ಭಯ ಅಂದುಕೊಂಡಿದ್ದೆವು. ಅಪ್ಪ ಅವಳನ್ನು 'ಬೇಕಾದಾಗ ಕಿವುಡಿ' ಎಂದು ರೇಗಿಸಿದರೆ ನಾವೂ ಸೇರಿ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ಗೋಡೆಯೊಳಗಿನ ಪೈಪು ಸೋರುವುದನ್ನು ಹೊರಗಿನಿಂದ ಹೇಳುತ್ತೇನೆಂದು ಬೀಗುವವಳು ನಾನು, ನನಗೆ ನನ್ನ ತಾಯಿಯ ಕಿವಿ ತಿಳಿಯಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕಂಡುಹಿಡಿದದ್ದು ನಿನ್ನ ಎಕ್ಸ್‌ಚೇಂಜಿನವರು. ಅವರನ್ನೇ ಹೋಗಿ ಕೇಳಿದೆ. ಆಸ್ಪತ್ರೆಯ ಹೆಡ್‌ಸೆಟ್ಟು ಒಂದೇ ಕಿವಿಯದು, ಉಳಿದ ಆಪರೇಟರುಗಳು ನೋವೆಂದು ಗಂಟೆಗೊಮ್ಮೆ ಆಚೆ ಕಿವಿಗೆ ಬದಲಾಯಿಸುತ್ತಿದ್ದರಂತೆ. ಅಮ್ಮ ಮಾತ್ರ ಬಲಗಿವಿ ಕೆಂಪಗೆ ಊದಿಕೊಂಡರೂ ಬದಲಾಯಿಸಲಿಲ್ಲ. ಇವರು ಎರಡು ತಿಂಗಳು ನೋಡಿ, ಯಾರನ್ನೂ ಏನೂ ಕೇಳದೆ, ಅವಳ ಹೆಡ್‌ಸೆಟ್ಟಿಗೆ ಮೆತ್ತನೆಯ ಹೊಸ ದಿಂಬು ಹೊಲಿಸಿ ಹಾಕಿಕೊಟ್ಟರಂತೆ. ಅಮ್ಮ ಅವತ್ತು ಅವರ ಮುಂದೆ ಅತ್ತುಬಿಟ್ಟಳಂತೆ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಮಿಕ್ಸಿಯ ಸ್ಕ್ರೂ ಬಿಗಿ ಮಾಡುತ್ತಿದ್ದರು. ಅಣ್ಣಾ, ನೀನು ಅವರನ್ನು ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ನನಗೇ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅವರಲ್ಲಿ ತಪ್ಪು ಹುಡುಕುವ ಕೆಲಸ ನನ್ನಿಂದ ಮುಂದೆ ಸಾಗುತ್ತಿಲ್ಲ.

ಅಂದಿನಿಂದ ನನಗೆ ಒಂದೇ ಯೋಚನೆ. ಅಮ್ಮ ಹೊರಟ ಬೆಳಗ್ಗೆ ಕಾರಿನ ಹಿಂದಿನ ಸೀಟಿನಲ್ಲಿ ಎಡಗಡೆಯ ಕಿಟಕಿಗೆ ಅವಳು, ಬಲಕ್ಕೆ ನಾನು. ಇಂಜಿನ್ ಶುರುವಾಗಿತ್ತು. ನೀನು ಒಳಗಿನಿಂದ ಓಡಿಬಂದು ಅವಳ ಕಿಟಕಿಗೆ ಬಗ್ಗಿ, 'ಅಮ್ಮಾ, ಹೋಗಬೇಡ, ನನ್ನ ಜೊತೆ ಇರು' ಎಂದೆ. ಮೆಲ್ಲಗೆ ಹೇಳಿದೆ, ಬೇರೆ ಯಾರಿಗೂ ಕೇಳಿಸಬಾರದು ಎಂಬಂತೆ. ನನಗೆ ಕೇಳಿಸಿತು. ನನ್ನ ಕಡೆ ಮುಖ ಮಾಡಿ ಕೂತಿದ್ದ ಅಮ್ಮ ನಿನ್ನತ್ತ ತಿರುಗಿಯೂ ನೋಡಲಿಲ್ಲ, ಡ್ರೈವರಿಗೆ ಹೊರಡೋಣ ಎಂದಳು. ನೀನು ಯಾವ ಮಾತನ್ನೂ ಎರಡನೇ ಸಲ ಹೇಳುವವನಲ್ಲ. ಅವತ್ತು ಮುಚ್ಚಿದ ಬಾಯನ್ನು ಅವಳ ಮುಂದೆ ಇವತ್ತಿನವರೆಗೆ ತೆರೆದಿಲ್ಲ. ಅವಳು ಕಳಿಸಿದ ಯಾವ ಕಾಗದಕ್ಕೂ ಉತ್ತರ ಬರೆಯಲಿಲ್ಲ, ನಿನ್ನ ಮಗಳು ಹುಟ್ಟಿದ್ದನ್ನೂ ನಾನೇ ತಿಳಿಸಬೇಕಾಯಿತು. ಒಂದು ವರ್ಷ ನಾನೂ ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ಮಗ ಕಿಟಕಿಯಲ್ಲಿ ನಿಂತು ಬೇಡಿದರೂ ಕಲ್ಲಿನ ಹಾಗೆ ಕೂತಿದ್ದಳಲ್ಲ ಎಂದು ನನ್ನ ಎದೆಯೂ ಉರಿಯುತ್ತಿತ್ತು.

ನೀನು ಯಾಕೆ ಮುನಿದಿದ್ದೀಯೆಂದು ನಾನು ಬಂದ ದಿನದಿಂದ ಅಮ್ಮ ನನ್ನನ್ನು ಕೇಳುತ್ತಿದ್ದಾಳೆ. ಮದುವೆಯಾದದ್ದಕ್ಕೇ ಇಷ್ಟು ಕೋಪವೇ, ಅವನೇ ಮೊದಲು ಒಪ್ಪಿದ್ದನಲ್ಲ ಎನ್ನುತ್ತಾಳೆ. ನಾನು ಮಾತು ತಪ್ಪಿಸಿ ಕೆಳಗಿಳಿದು ಬೀದಿ ಸುತ್ತಿ ಬರುತ್ತೇನೆ. ಹೇಳಿದರೆ ಅವಳು ಕೊರಗುತ್ತಾಳೆ, ಹೇಳದಿದ್ದರೆ ನೀವಿಬ್ಬರೂ ಹೀಗೇ ಮುದುಕರಾಗುತ್ತೀರಿ. ಅದೂ ಅಲ್ಲದೆ ಅದು ನಿನ್ನ ಮಾತು, ನಿನ್ನನ್ನು ಕೇಳದೆ ಆಡಲು ನನಗೇನು ಹಕ್ಕು? ನಾಲ್ಕು ದಿನದಲ್ಲಿ ಧೈರ್ಯ ಬಂದರೆ ಹೇಳುತ್ತೇನೆ, ಬರದಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ವಿಮಾನ ಹತ್ತುತ್ತೇನೆ. ನೀನು ಬೈದುಕೊಂಡರೂ ಚಿಂತೆಯಿಲ್ಲ, ಕಾಗದ ಮಾತ್ರ ಹರಿಯಬೇಡ.

ಅತ್ತಿಗೆಗೆ ನನ್ನ ನಮಸ್ಕಾರ. ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು. ನಿನಗೆ, ಇಷ್ಟು ಮೊಂಡನಾದರೂ, ತುಂಬ ಪ್ರೀತಿ.

ನಿನ್ನ ತಂಗಿ,
ನೀನೇ ಹೆಸರಿಟ್ಟ ಚೇಳುಮರಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ತಡೆಯಲಾಗಲಿಲ್ಲ, ಈಗಷ್ಟೇ ಹೇಳಿಬಿಟ್ಟೆ. ಅಮ್ಮ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು, ಬಲಗಡೆ ಹೋಗಿ ನಿಂತು ನೀನು ಅಂದ ಮಾತನ್ನು ಇದ್ದ ಹಾಗೇ ಹೇಳಿದೆ. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನನ್ನಿಂದ ಮೂರು ಸಲ ಹೇಳಿಸಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತಳು. ಅವಳಂದದ್ದನ್ನು ಒಂದಕ್ಷರ ಬದಲಿಸದೆ ಬರೆಯುತ್ತಿದ್ದೇನೆ: 'ಕೇಳ್ಸಿದ್ರೂ ನಾನು ಹೋಗ್ತಿದ್ದೆ ಕಣೇ, ಅವ್ನಿಗೆ ಸುಳ್ಳು ಹೇಳ್ಬೇಡ. ಆದ್ರೆ ಕಾರಿಂದ ಇಳಿದು, ಅವ್ನನ್ನ ತಬ್ಕೊಂಡು, ಉತ್ತರ ಕೊಟ್ಟು ಹೋಗ್ತಿದ್ದೆ.' ಆ ಉತ್ತರ ಏನೆಂದು ನನಗೆ ಹೇಳುತ್ತಿಲ್ಲ, ಕೇಳಿದವನಿಗೇ ಹೇಳಬೇಕಂತೆ. ಭಾನುವಾರ ಬೆಳಗ್ಗೆ ನಿನ್ನ ಗಡಿಯಾರದಲ್ಲಿ ಹತ್ತಕ್ಕೆ ಫೋನ್ ಮಾಡುತ್ತಾಳೆ. ಎತ್ತು ಅಣ್ಣಾ.