ನಾಲ್ಕು ಬೆರಳು ಕೆಳಗೆ

ನಿಟ್ಟೂರು
18 ಫೆಬ್ರವರಿ 2025, ಮಂಗಳವಾರ

ಸೌಜನ್ಯಳ ಅಪ್ಪನಿಗೆ ಗುತ್ಯಮ್ಮ ಮಾಡುವ ನಮಸ್ಕಾರಗಳು.

ಕಣ್ಣು ಹೇಗಿದೆ? ಡ್ರಾಪ್ಸ್ ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳುತ್ತಿದ್ದೀರಾ? ಪೊರೆ ತೆಗೆಸಿಕೊಂಡು ಎರಡು ವಾರವಾಗಿಲ್ಲ, ಆಗಲೇ ಶರಾವತಿಯ ಮೊಬೈಲ್ ಕದ್ದು ನೋಡಿದಿರಂತೆ. ಸಾಗರದಲ್ಲಿ ದೊಡ್ಡ ಮಗಳ ಮನೆಯಲ್ಲಾದರೂ ಮರ್ಯಾದೆಯಿಂದ ಇರಿ. ಈ ಕಾಗದವನ್ನೂ ಅವಳೇ ಓದಿ ಹೇಳಲಿ. ಫೋನ್ ಮಾಡಬಹುದಿತ್ತು, ಆದರೆ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀವು ನಾಲ್ಕು ಆಡುತ್ತೀರಿ. ಕಾಗದದ ನಡುವೆ ಬಾಯಿ ಹಾಕಲು ನಿಮ್ಮಿಂದ ಆಗುವುದಿಲ್ಲ.

ಇನ್ನು ನಿಮ್ಮ ಶೇರಿನ ವಿಷಯ. ಸೌಜನ್ಯಳ ಮದುವೆಗೆಂದು ಇಟ್ಟಿದ್ದ ಕಾಳುಮೆಣಸಿನ ದುಡ್ಡನ್ನು ನನಗೊಂದು ಮಾತೂ ಹೇಳದೆ ಸಿಮೆಂಟ್ ಕಂಪನಿಯ ಶೇರಿಗೆ ಹಾಕಿದಿರಿ. ಅದು ಸಾಲದೆಂದು, ಮದುವೆಯ ಚಿತ್ತಾರ ಬರೆಯಲು ನಾನು ಕೆಮ್ಮಣ್ಣು ಬಳಿದಿಟ್ಟ ಜಗಲಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದರದ ಏರಿಳಿತ ಗೀಚಿ, ಅದರ ಕೆಳಗೊಂದು ಮೇಲೊಂದು ಗೆರೆ ಎಳೆದಿರಿ. ಮೂರು ತಿಂಗಳು ನೋಡಿ ನೋಡಿ ನನಗೂ ಬಾಯಿಪಾಠವಾಗಿದೆ. ಕೆಳಗಿನ ಗೆರೆ ಸಪೋರ್ಟು, ಬಿದ್ದ ದರ ಅಲ್ಲಿ ಕಾಲೂರಿ ಏಳುತ್ತದೆ. ಮೇಲಿನದು ರೆಸಿಸ್ಟೆನ್ಸು, ಅಲ್ಲಿ ತಲೆ ತಾಗಿ ಇಳಿಯುತ್ತದೆ. ಎರಡೂ ಒಂದೇ ಅಂತರದಲ್ಲಿ ಮೇಲೇರುತ್ತಾ ಹೋದರೆ ನಡುವೆ ಇರುವುದು ಚಾನೆಲ್ಲು. ಬಸ್ಸು ಹತ್ತುವಾಗಲೂ ಸೌಜನ್ಯಳಿಗೆ "ಮೇಲಿನ ಗೆರೆ ಮುಟ್ಟಿದ್ ಮೇಲೇ ಮಾರು, ಮುಂಚೆ ಮಾರಿದ್ರೆ ನೋಡು ಮತ್ತೆ" ಎಂದು ಹೆದರಿಸಿ ಹೋದಿರಿ.

ನೀವು ಹೋದ ಮರುದಿನವೇ ಎಮ್ಮೆಕರು ಹಗ್ಗ ಬಿಡಿಸಿಕೊಂಡು ಜಗಲಿಗೆ ಬಂದು ನಿಮ್ಮ ರೆಸಿಸ್ಟೆನ್ಸನ್ನು ನೆಕ್ಕಿಬಿಟ್ಟಿತು. ಅದಕ್ಕೆ ಬೈಯಬೇಡಿ, ಸಣ್ಣದು. ನಾನೇ ಪುಂಡಿ ನಾರಿನ ಕುಂಚವನ್ನು ಅಕ್ಕಿ ಅರೆದ ಬಿಳಿಯಲ್ಲಿ ಅದ್ದಿ ಆ ಗೆರೆಯನ್ನು ಮತ್ತೆ ಎಳೆದೆ. ದಿನಾ ಸಂಜೆ ಸೌಜನ್ಯ ದರ ಹೇಳುವುದು, ನಾನು ಗುರುತು ಹಾಕುವುದು. ಗುರುವಾರ ದರ ಗೆರೆಗೆ ತಾಗಿತು, ಶುಕ್ರವಾರ ಬೆಳಿಗ್ಗೆ ಮಾರಿದೆವು. ಅಷ್ಟು ನಿಮಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ನಿನ್ನೆ ಅದು ಬಿದ್ದ ರಭಸಕ್ಕೆ ಸಪೋರ್ಟನ್ನೂ ದಾಟಿತು. ಗುರುತು ಹಾಕಲು ನಾನು ನೆಲಕ್ಕೆ ಕೂರಬೇಕಾಯಿತು.

ಪಕ್ಕದ ಮನೆ ಧರ್ಮಪ್ಪನೂ ನಿಮ್ಮ ಮಾತು ಕೇಳಿ ಅದೇ ಶೇರು ಕೊಂಡಿದ್ದನಲ್ಲ, ಅವನ ಮೊಬೈಲಿನಲ್ಲಿ ಗೋಡೆಯ ಹಳೇ ಫೋಟೋ ಇತ್ತು. ನಾವು ಮಾರಿದ ದಿನ ಅದನ್ನು ನೋಡಿ, "ಮಾಸ್ತಪ್ಪಣ್ಣನ ಗೆರೆ ಇನ್ನೂ ಮುಟ್ಟಿಲ್ಲ ಅತ್ತಿಗೆ, ನಾ ಕಾಯ್ತೀನಿ" ಅಂದ. ಈಗ ನಮ್ಮ ಜಗಲಿಯಲ್ಲೇ ಕೂತಿದ್ದಾನೆ. ಎರಡು ಲೋಟ ಕಾಫಿಯಾಯಿತು, ಇನ್ನೂ ಆ ಫೋಟೋವನ್ನೇ ನೋಡುತ್ತಿದ್ದಾನೆ. ಪಾಪ ಅನ್ನಿಸುತ್ತದೆ.

ದುಡ್ಡು ಬ್ಯಾಂಕಿಗೆ ಬಂತು ಎಂದು ಸೌಜನ್ಯ ಹೇಳಿದಾಗ ನಾನು ಅತ್ತೇಬಿಟ್ಟೆ. ಈ ಮೂರು ತಿಂಗಳು ಮಗಳ ಮುಖ ನೋಡಿದಾಗಲೆಲ್ಲ ಆ ದುಡ್ಡೇ ನೆನಪಾಗುತ್ತಿತ್ತು. ನೀವು ಮಾತ್ರ ಅಲ್ಲಿ ಕಂಡವರಿಗೆಲ್ಲ "ನನ್ನ ಗೆರೆ ನೋಡಿ ಮಾರಿದ್ರು" ಎಂದು ಹೇಳಿಕೊಂಡು ಓಡಾಡುತ್ತಿದ್ದೀರಂತೆ.

ಬಿಸಿಲಿಗೆ ಹೋಗಬೇಡಿ, ಕಣ್ಣು ಉಜ್ಜಬೇಡಿ. ಮೊಮ್ಮಗಳಿಗೆ ನನ್ನ ಮುತ್ತು, ಅಳಿಯಂದಿರನ್ನು ಕೇಳಿದೆನೆಂದು ಹೇಳಿ.

ಇಂತಿ ನಿಮ್ಮ,
ಗುತ್ಯಮ್ಮ

ಮರೆತಿದ್ದೆ: ಶರಾವತಿ, ಇದನ್ನು ಅಪ್ಪನಿಗೆ ಸ್ವಲ್ಪ ಜೋರಾಗಿ ಓದು. ಚಿತ್ತಾರದಲ್ಲಿ ಜೋಡಿ ಗೆರೆ ಎಂದರೆ ಕೊನೆಯವರೆಗೂ ಒಂದೇ ಅಂತರ ಇರಬೇಕು. ನೀವು ಎಳೆದ ಮೇಲಿನ ಗೆರೆ ಬಲಕ್ಕೆ ಹೋಗುತ್ತಾ ಹೋಗುತ್ತಾ ಆಸೆಗೆ ಮೇಲೆದ್ದಿತ್ತು. ಮತ್ತೆ ಎಳೆಯುವಾಗ ನಾನು ದಾರ ಹಿಡಿದು ಸಮ ಮಾಡಿದೆ, ನಾಲ್ಕು ಬೆರಳು ಕೆಳಗೆ ಬಂತು. ದರ ಮುಟ್ಟಿದ್ದು ನನ್ನ ಗೆರೆಯನ್ನು. ನಿಮ್ಮದು ಕರುವಿನ ಹೊಟ್ಟೆಯಲ್ಲಿದೆ.